ಕಳಸಕ್ಕಿಂತ ಎತ್ತರದ ಕಂಬ

ದೇವರ ಹೆಸರು ಹೇಳಿಕೊಂಡು ನಮ್ಮ ಮನೆಗೆ ಜಗಳ ಬಂದದ್ದು ಒಂದು ಶ್ರಾವಣ ಸೋಮವಾರ. ನನ್ನ ಲಿಂಗಪೂಜೆ ಇನ್ನೂ ಮುಗಿದಿರಲಿಲ್ಲ. ಅಂಗೈಯಲ್ಲಿ ಲಿಂಗ ಇರುವಾಗಲೇ ಹೊರಗೆ ಗುಡಿ ಕಮಿಟಿಯ ಹಿರಿಯರ ಕೆಮ್ಮು ಕೇಳಿತು. ಶ್ರಾವಣ ಸೋಮವಾರ ಪೂಜೆಯ ಹೊತ್ತಿಗೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲಬಾರದು ಎನ್ನುವ ತಿಳಿವಳಿಕೆ ಗುಡಿ ನೋಡಿಕೊಳ್ಳುವವರಿಗೇ ಇಲ್ಲದಿದ್ದರೆ ಇನ್ನಾರಿಗೆ ಇರಬೇಕು? ಅಂದು ಹತ್ತಿದ ಸಿಟ್ಟು ಇವತ್ತು ಬರೆಯಲು ಕೂತಾಗಲೂ ಆರಿಲ್ಲ.

ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ನಮ್ಮ ಯಜಮಾನರು ಬಹಳ ವರ್ಷ ಈ ಹಿರಿಯರ ತಮ್ಮನ ಹತ್ತಿರ ಟಿ.ವಿ. ಕೇಬಲ್ ಎಳೆಯುವ ಕೆಲಸ ಮಾಡಿದವರು. ಆ ತಮ್ಮ ಊರೊಳಗೆ ವೈರಿನ ಮೇಲೆ ಇಂಟರ್‌ನೆಟ್ಟನ್ನೂ ಕೊಡುತ್ತಿದ್ದ. ಆದರೆ ಆಂಧ್ರದಿಂದ ಬಂದ ಭತ್ತದ ರೈತರು ಕಾಲುವೆಯ ಪಕ್ಕದಲ್ಲಿ ಕಟ್ಟಿಕೊಂಡ ಕ್ಯಾಂಪುಗಳ ಜನ ಎಷ್ಟು ಕೇಳಿಕೊಂಡರೂ ಅಲ್ಲಿಗೆ ವೈರು ಎಳೆಯಲಿಲ್ಲ. “ನಾಕು ಮನಿ ಸಲುವಾಗಿ ಆ ಭತ್ತದ ಕೆಸರಾಗ ಯಾಂವ ಸಾಯ್ತಾನ” ಎನ್ನುತ್ತಿದ್ದ. ಕಡೆಗೆ ಯಜಮಾನರು ಅವನ ಕೆಲಸ ಬಿಟ್ಟು, ವೈರಿಲ್ಲದೆ ನೆಟ್ ಕೊಡುವ ನಮ್ಮದೇ ವ್ಯವಹಾರ ಶುರು ಮಾಡಿದರು. ಸಿಂಧನೂರಿನ ಒಂದು ಎತ್ತರದ ಕಟ್ಟಡದ ಮೇಲಿನ ಡಿಶ್‌ನಿಂದ ಸಿಗ್ನಲ್ ನಮ್ಮ ಮಾಳಿಗೆಯ ಡಿಶ್‌ಗೆ, ಅಲ್ಲಿಂದ ಕ್ಯಾಂಪಿನ ಮನೆಗಳಿಗೆ. ಡಿಶ್‌ಗಳು ಒಂದನ್ನೊಂದು ನೇರವಾಗಿ ನೋಡುತ್ತಿರಬೇಕು. ನಡುವೆ ಬೇವಿನ ಗಿಡವೋ ಅಕ್ಕಿ ಗಿರಣಿಯ ತಗಡೋ ಅಡ್ಡ ಬಂದರೆ ಮುಗಿಯಿತು. ಅದಕ್ಕೇ ನಮ್ಮ ಡಿಶ್ ಕೂಡಿಸಲು ಮಾಳಿಗೆ ಮೇಲೆ ಎತ್ತರದ ಕಂಬ ಬೇಕಾಯಿತು.

ಪೈಪು ಹಟ್ಟಿಯ ಗುಜರಿಯಲ್ಲಿ ಸಿಕ್ಕಿತು. ಬೆಸುಗೆ ಲಿಂಗಸುಗೂರಿನಲ್ಲಾಯಿತು. ತರುವಾಗ ಟಂಟಂ ಆಟೋ ಪಂಕ್ಚರ್ ಆದದ್ದು ಪಂಕ್ಚರ್ ಅಂಗಡಿಯ ಎದುರಿಗೇ. ಅದೂ ಶಿವನ ದಯೆ. ಕಂಬ ನಿಲ್ಲಿಸುವ ದಿನ ಗಾಳಿ ಅಲುಗಲಿಲ್ಲ. ಏಣಿಯ ಮೆಟ್ಟಿಲು ಮುರಿದಾಗ ಯಜಮಾನರು ಇನ್ನೂ ಕೆಳಗೇ ಇದ್ದರು. ದೊಡ್ಡ ದೊಡ್ಡದನ್ನು ಬೇಡಿದವಳಲ್ಲ ನಾನು. ಇಂಥವನ್ನೇ ಎಣಿಸಿಕೊಂಡು ಕೈ ಮುಗಿಯುತ್ತೇನೆ.

ನಮ್ಮಲ್ಲಿ ಹೊಸದು ಏನು ಬಂದರೂ ಪೂಜೆಯಾಗದೆ ಬಳಸುವುದಿಲ್ಲ. ಟ್ರ್ಯಾಕ್ಟರಾಗಲಿ ಹೊಲಿಗೆ ಮಷೀನಾಗಲಿ ಒಂದೇ. ಮಠದ ಅಯ್ಯನವರನ್ನು ಕರೆಸಿ ಕಂಬಕ್ಕೆ ವಿಭೂತಿ ಹಚ್ಚಿಸಿದೆ, ಕಾಯಿ ಒಡೆಸಿದೆ. ತುದಿಗೆ ಒಂದು ಕಬ್ಬಿಣದ ಬಳೆ ಬೆಸೆಸಿ ಹಗ್ಗ ಪೋಣಿಸಿದ್ದೆವು. ಗುಡಿಯಿಂದ ತಂದ ಕಾವಿ ಬಾವುಟವನ್ನು ಆ ಹಗ್ಗಕ್ಕೆ ಕಟ್ಟಿ ನಾನೇ ಎಳೆದು ಏರಿಸಿದೆ. ರಸ್ತೆಯಲ್ಲಿ ಹೋಗುವ ಮುದುಕಿಯರು ಅದನ್ನು ನೋಡಿ ನಿಂತು ಕೈ ಮುಗಿಯುತ್ತಿದ್ದರು. ನಮ್ಮ ಅನ್ನದ ದಾರಿಗೆ ದೇವರು ಕಾವಲಿದ್ದಾನೆ ಎಂದು ನನಗೆ ಧೈರ್ಯ.

ಫೋನ್ ಎತ್ತುವ ಕೆಲಸ ನನ್ನದು.

“ಯಕ್ಕಾ, ನೆಟ್ ಬರವಲ್ದು.”

“ಡಬ್ಬಿ ಮ್ಯಾಲ ಲೈಟ್ ಹತ್ತೈತೇನ್ರಿ?”

“ಇಲ್ಲ.”

“ಮನ್ಯಾಗ ಕರೆಂಟ್ ಐತೇನ್ರಿ?”

“ಕರೆಂಟ್ ಹೋಗಿ ತಾಸಾತು.”

“ಹಂಗಾರ ನಾ ಇಲ್ಲಿಂದ ಕರೆಂಟ್ ಊದ್ಲೇನ್ರಿ?”

ಹೀಗೆ ನಗುತ್ತ ಬೈಯುತ್ತ ಕ್ಯಾಂಪಿನ ಮನೆಗಳು ಒಂದೊಂದಾಗಿ ಕೂಡಿಕೊಂಡವು. ಆಮೇಲೆ ಊರೊಳಗಿನವರೂ ವೈರು ಬಿಟ್ಟು ನಮ್ಮ ಕಡೆ ಬರತೊಡಗಿದರು. ತಮ್ಮನಿಗೆ ಗಿರಾಕಿ ಕಡಿಮೆಯಾದ ಮೇಲೆ ಅಣ್ಣನ ಕಣ್ಣಿಗೆ ನಮ್ಮ ಕಂಬ ಕಂಡಿತು. ಅಲ್ಲಿಯವರೆಗೆ ದಿನಾ ಅದರ ಕೆಳಗೇ ಓಡಾಡುತ್ತಿದ್ದರು, ಆಗೇನು ಕಣ್ಣು ಮುಚ್ಚಿದ್ದವೆ?

ಆ ಸೋಮವಾರ ಬಂದವರಿಗೆ ಚಾ ಕೊಟ್ಟೆ. ಹಿರಿಯರು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತ ಶುರು ಮಾಡಿದರು.

“ಯವ್ವಾ, ನಿಮ್ಮ ಕಂಬ ಗುಡಿ ಕಳಸಕ್ಕಿಂತ ಮ್ಯಾಲ ಹೋಗೈತಿ. ಊರಿಗೆ ಒಳ್ಳೇದಲ್ಲ. ಈ ಸಲ ನಮ್ಮ ಕಾಲುವಿಗೆ ನೀರ ಬಂದಿಲ್ಲ. ಯಾಕಂತ ಇಚಾರ ಮಾಡು.”

“ಮ್ಯಾಲಿನವ್ರು ಕಳ್ಳ ಪೈಪ್ ಹಾಕಿ ನೀರ ಎಳಕೊಂಡಾರ ಅಂತ ಹ್ವಾದ ವಾರ ನೀವ ಬೈಯಾಕತ್ತಿದ್ರೆಲ್ಲರೀ ಮಾವಾರ” ಎಂದೆ.

ಯಜಮಾನರು ನನ್ನನ್ನು ಕಣ್ಣಲ್ಲೇ ಗದರಿಸಿ, ತಾವು ಮೆತ್ತಗೆ ಕೇಳಿದರು: “ಊರ ಹೊರಗ ಮೊಬೈಲ್ ಟವರ್ ಐತೆಲ್ಲರೀ. ಅದು ಕಳಸಕ್ಕಿಂತ ಎಷ್ಟೋ ಎತ್ತರ ಐತಿ.”

“ಅದು ಬರೇ ಕಬ್ಬಿಣಪಾ. ಅದಕ್ಕ ಯಾರರ ಪೂಜಿ ಮಾಡ್ಯಾರೇನು? ನಿಮ್ಮದಕ್ಕ ಇಭೂತಿ ಹಚ್ಚೈತಿ, ದೇವ್ರ ಬಾವುಟ ಏರೈತಿ. ಬಾವುಟ ಏರಿತಂದ್ರ ಅದು ದೇವ್ರ ಕಂಬ. ದೇವ್ರ ಕಂಬ ಗುಡಿಗಿಂತ ಎತ್ತರ ಇರಂಗಿಲ್ಲ. ಬರೋ ಸೋಮಾರದೊಳಗ ಗುಡಿ ಮಟ್ಟಕ್ಕ ಕಡೀರಿ, ಇಲ್ಲಂದ್ರ ಕಿತ್ತು ತಗೀರಿ.”

“ಹಂಗಾರ ಬಾವುಟಾನ ಇಳಸ್ತೀನ್ರಿ.”

“ಮನಸಿಗೆ ಬಂದಂಗ ಇಳಸಾಕ ಅದೇನು ಒಣಹಾಕಿದ ಸೀರಿಯೇನು? ಪೂಜಿ ಮಾಡಿ ಇಳಸಬೇಕು, ಏರಿಸಿದವ್ರ ಇಳಸಬೇಕು. ಅಯ್ಯನಾರನ್ನ ಕೇಳು ಹೋಗು, ಏನಂತಾರ.”

ಅವರು ನಗುತ್ತ ಎದ್ದುಹೋದರು. ಆ ನಗು ಯಾಕೆ ಎಂದು ಅಯ್ಯನವರ ಮನೆಗೆ ಹೋದ ಮೇಲೆ ತಿಳಿಯಿತು.

“ನನ್ನ ಕೈಲೆ ಆಗಂಗಿಲ್ಲವ್ವಾ” ಎಂದರು ಅಯ್ಯನವರು. “ಇಳಸಬ್ಯಾಡ್ರಿ ಅಂತ ಹಿರ್ಯಾರು ಮುಂಜಾನೆನ ಹೇಳಿ ಹೋಗ್ಯಾರ. ನಾಳಿ ನಾ ಇದ ಊರಾಗ ಇರಬೇಕಲ್ಲ.”

ಸಿಟ್ಟಿನಲ್ಲೇ ಮನೆಯ ದಾರಿ ಹಿಡಿದೆ. ಒಂದು ಕಾಯಿಯನ್ನೂ ಒಡೆಯದೆ, ದೇವರನ್ನು ನೆನೆಯದೆ ಕಂಬ ನೆಟ್ಟಿದ್ದರೆ ಅದು ಬರೀ ಕಬ್ಬಿಣವಾಗಿ ನೂರು ವರ್ಷ ನಿಲ್ಲುತ್ತಿತ್ತು. ನಾನು ಹಚ್ಚಿಸಿದ ವಿಭೂತಿಯೇ ನನ್ನ ಮೇಲೆ ತಕರಾರಾಯಿತು. ಭಕ್ತಿ ಇಲ್ಲದವರನ್ನು ಬಿಟ್ಟು ಭಕ್ತಿ ಇದ್ದವರ ಕುತ್ತಿಗೆ ಹಿಡಿಯುವ ಈ ನ್ಯಾಯ ಯಾವ ಶಿವನದು? ಶಿವನದಲ್ಲ, ಕೇಬಲ್ಲಿನದು.

ಯಜಮಾನರು ಆಗಲೇ ಸೋತು ಕೂತಿದ್ದರು. ಗುಡಿ ಮಟ್ಟಕ್ಕೆ ಕಡಿದರೆ ಗಿರಣಿಯ ತಗಡು ಅಡ್ಡ ಬಂದು ಸಿಂಧನೂರು ಕಾಣುವುದಿಲ್ಲ. ಕಿತ್ತರೆ ಕ್ಯಾಂಪಿನ ಮನೆಗಳೆಲ್ಲ ಬಂದ್, ಇವರು ಮತ್ತೆ ಆ ತಮ್ಮನ ಬಾಗಿಲಿಗೆ.

“ಊರು ಎದುರು ಹಾಕ್ಕೊಂಡು ಬಾಳಾಕ ಆಗಂಗಿಲ್ಲ. ತಗದಬಿಡೂಣು” ಎಂದರು.

“ರೀ, ಬಾವುಟ ಏರಿಸಿದ್ದು ಯಾರು?”

“ಪೂಜಿ ಅಯ್ಯನಾರು ಮಾಡಿದ್ರು.”

“ಪೂಜಿ ಅವ್ರು ಮಾಡಿದ್ರು. ಹಗ್ಗ ಎಳದಾಕಿ ನಾನು.”

ಸೋಮವಾರ ತಲೆಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆರತಿ ತಟ್ಟೆ ಹಿಡಿದು ಮಾಳಿಗೆ ಹತ್ತಿದೆ. ಕಂಬಕ್ಕೆ ಆರತಿ ಬೆಳಗಿದೆ. “ಶಿವನೇ, ನಿನ್ನನ್ನು ಬೇಡವೆಂದು ಕಳಿಸುತ್ತಿಲ್ಲ. ಇವರು ನಿನ್ನನ್ನು ನನ್ನ ಮನೆಯಲ್ಲಿ ಇರಗೊಡುತ್ತಿಲ್ಲ” ಎಂದು ಹೇಳಿಕೊಂಡೆ. ಹಗ್ಗಕ್ಕೆ ಕೈ ಹಾಕಿದೆನೋ ಇಲ್ಲವೋ, ಪಕ್ಕದ ಮಾಳಿಗೆಯಿಂದ ನೆರೆಯಾಕೆ ಕೂಗಿದಳು.

“ಏ ಬ್ಯಾಡಬೇ! ಹೆಣ್ಮಕ್ಳು ದೇವ್ರ ಬಾವುಟ ಮುಟ್ಟಬಾರ್ದು!”

“ಏರಸೂ ದಿನಾನೂ ಇದ ಕೈಲೆ ಮುಟ್ಟೀನಿ. ಅವತ್ತ ನೀ ಎರಡು ಸಲ ಪ್ರಸಾದ ಇಸಗೊಂಡಿ, ಬಾಯಿ ಮುಚ್ಚು.”

ಮಳೆಗೆ ನೆಂದ ಹಗ್ಗ ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗ ಬಂತು. ಅದೊಂದು ಅವನ ದಯೆ. ಬಾವುಟವನ್ನು ನೆಲಕ್ಕೆ ತಾಗಿಸದೆ ಸೆರಗಿನಲ್ಲಿ ಹಿಡಿದು, ಮಡಿಸಿ, ತಟ್ಟೆಯಲ್ಲಿಟ್ಟುಕೊಂಡು ನೇರ ಗುಡಿಗೆ ನಡೆದೆ. ಶ್ರಾವಣದ ಜನ ತುಂಬಿತ್ತು. ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು.

“ಮಾವಾರ, ದೇವ್ರದ್ದು ದೇವ್ರಿಗೆ ತಂದೀನಿ. ಈಗ ನಮ್ಮ ಮನಿ ಮ್ಯಾಲ ಇರೋದು ಬರೇ ಕಬ್ಬಿಣ. ಬರೇ ಕಬ್ಬಿಣಕ್ಕ ಕಳಸದ ಲೆಕ್ಕ ಇಲ್ಲಂತ ನೀವ ಹೇಳೀರಿ.”

“ಯಾರನ್ನ ಕೇಳಿ ಇಳಿಸಿದಿ?”

“ಏರಿಸಿದಾಕಿನ್ನ ಕೇಳೀನ್ರಿ.”

ಸಾಲಿನಲ್ಲಿ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಹಿರಿಯರ ಮುಖ ಕೆಂಪಾಯಿತು. “ಹೆಣ್ಮಕ್ಳ ಬಾಯಿ ಬಾಳ ಉದ್ದ ಆಗ್ಯಾವ” ಎಂದರು. ಆದರೆ ಅಷ್ಟು ಜನರ ಮುಂದೆ ತಾವೇ ಆಡಿದ ಮಾತನ್ನು ಇಲ್ಲವೆನ್ನಲು ಆಗಲಿಲ್ಲ. ತಟ್ಟೆಯನ್ನು ಗರ್ಭಗುಡಿಯ ಹೊಸ್ತಿಲಲ್ಲಿ ಇಟ್ಟು ಬಂದೆ.

ಕಂಬ ನಿಂತಿದೆ. ಕ್ಯಾಂಪಿನ ಮಕ್ಕಳು ಓದುತ್ತಾರೆ, ಗಿರಣಿಯವರು ಭತ್ತದ ಧಾರಣೆ ನೋಡುತ್ತಾರೆ, ಯಜಮಾನರು ಯಾರ ಬಾಗಿಲಲ್ಲೂ ನಿಂತಿಲ್ಲ. ಗೆದ್ದೆ ಎನ್ನುತ್ತಾರೆ ಜನ. ಹಾಗೆಂದವರ ಮೇಲೂ ನನಗೆ ಸಿಟ್ಟು ಬರುತ್ತದೆ.

ಹೋದ ತಿಂಗಳು ಕ್ಯಾಂಪಿನಲ್ಲಿ ಒಂದು ಹೊಸ ಮನೆಗೆ ಡಿಶ್ ಕೂಡಿಸಿದೆವು. ನಾನೂ ಯಜಮಾನರ ಜೊತೆ ಹೋಗಿದ್ದೆ. ಕೆಲಸ ಮುಗಿಯುತ್ತಲೇ ಆ ಮನೆಯಾಕೆ, ಆಂಧ್ರದ ಕಡೆಯವರು, ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಬಂದರು. ಡಿಶ್‌ಗೆ ಬೊಟ್ಟಿಡಲು ಕೈ ಎತ್ತಿದರು. ನಾನು ಅವರ ಮುಂಗೈ ಹಿಡಿದೆ.

“ಹಚ್ಚಬ್ಯಾಡ್ರಿ ಯಕ್ಕಾ.”

“ಎಂದುಕಮ್ಮಾ?” ಎಂದರು, ಯಾಕೆ ಎಂದು ತಿಳಿಯದೆ ನನ್ನ ಹಣೆಯ ವಿಭೂತಿಯನ್ನೇ ನೋಡುತ್ತ.

ಬೊಟ್ಟಿಟ್ಟರೆ ಇದೂ ದೇವರದಾಗಿ ನಾಳೆ ಇದರ ಮೇಲೂ ತಕರಾರು ಬರುತ್ತದೆ ಎಂದು ಊರಿನ ಕಥೆಯನ್ನೆಲ್ಲ ಎಲ್ಲಿಂದ ಹೇಳಲಿ? “ತುಕ್ಕು ಹಿಡೀತೈತ್ರಿ” ಎಂದುಬಿಟ್ಟೆ. ಶ್ರಾವಣದಲ್ಲಿ, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು, ಬಾಯಲ್ಲಿ ಸುಳ್ಳು. ಅವರು ಪಾಪ ನಂಬಿ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು. ಕೈ ಮುಗಿಯಬಂದವಳನ್ನು ಕೈ ಹಿಡಿದು ತಡೆಯುವ ಕೆಲಸವನ್ನು ಆ ಹಿರಿಯರು ನನ್ನಿಂದ ಮಾಡಿಸಿದ್ದಾರೆ. ಕಂಬದ ಜಗಳವನ್ನು ನಾನು ಮರೆತರೂ ಮರೆತೇನು. ಇದನ್ನು ಮಾತ್ರ ದಿನಾ ಲಿಂಗದ ಮುಂದೆ ಕೂತು, ಅವರ ಹೆಸರು ಹಿಡಿದು ಹೇಳುತ್ತೇನೆ.