ನೂರನೆಯ ಹೊಡೆತ

ಅಮೆರಿಕದ ನೋವೈಯಲ್ಲಿ ನಮ್ಮದೊಂದು ಶನಿವಾರದ ಗಾಲ್ಫ್ ಗುಂಪಿದೆ. ನಾಲ್ಕೇ ಜನ, ಎಲ್ಲರೂ ಕನ್ನಡದವರು. ನಮಗೆ ಆಟಕ್ಕಿಂತ ದಾಕ್ಷಿಣ್ಯ ಹೆಚ್ಚು. ಚೆಂಡು ಕುಳಿಯಿಂದ ಗೇಣು ದೂರದಲ್ಲಿ ನಿಂತರೆ ಸಾಕು, ಉಳಿದ ಮೂವರೂ "ಎತ್ಕೊಳ್ರೀ, ಅದು ಹೋದ ಹಾಗೇ" ಎಂದು ಕೂಗುತ್ತೇವೆ. ಒಂದು ಹೊಡೆತವೆಂದು ಬರೆದುಕೊಂಡು, ಚೆಂಡು ಜೇಬಿಗೆ ಹಾಕಿ ಕಾರ್ಟ್ ಹತ್ತುವುದು ಪದ್ಧತಿ. ಗೇಣುದ್ದಕ್ಕೆಲ್ಲ ಮನುಷ್ಯನನ್ನು ಪರೀಕ್ಷೆ ಮಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಕಲಿಸಿದವರು ಗುಂಪಿನ ಹಿರಿಯರಾದ ಡಾಕ್ಟರ್ ಅಂಕಲ್, ಧಾರವಾಡದವರು. ನನಗೆ ಗಾಲ್ಫ್ ಕೋಲು ಹಿಡಿಯುವುದನ್ನು ಕಲಿಸಿದವರೂ ಅವರೇ.

ಎರಡು ವರ್ಷದ ಹಿಂದೆ ಅವರ ಬಲಗೈಗೆ ಲಕ್ವ ಹೊಡೆಯಿತು. ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಒಂದು ಚಾಂಪಿಯನ್‌ಶಿಪ್ ಮೈದಾನವಿದೆ. ಟಿವಿಯಲ್ಲಿ ನೋಡಿ ನೋಡಿ, ಅಲ್ಲಿ ಒಮ್ಮೆ ಆಡಬೇಕೆಂದು ಅವರು ಆಸೆಪಟ್ಟಿದ್ದರು. ಪಕ್ಕದೂರು ಲಿವೋನಿಯಾದ ನಮ್ಮ ಆಫೀಸು ನನ್ನನ್ನು ಆ ಕಡೆಗೇ ಕೆಲಸದ ಮೇಲೆ ಕಳಿಸುತ್ತಿದೆ ಎಂದು ಗೊತ್ತಾದ ದಿನ ಅಂಕಲ್ ಮನೆಗೆ ಕರೆಸಿದರು.

"ನನ್ನ ಕೈಲೆ ಇನ್ನ ಆಗಂಗಿಲ್ಲ. ನೀ ಆಡಿ, ನೂರು ಹೊಡತದೊಳಗ ಒಂದು ಕಾರ್ಡ್ ತಗೊಂಡು ಬಾ. ಖರೇ ಕಾರ್ಡ್ ಮತ್ತ, ಶನಿವಾರದ್ದಲ್ಲ!"

ನಾನೋ, ನಮ್ಮೂರಿನ ಸಪಾಟು ಮೈದಾನದಲ್ಲೇ ಹದಿನೆಂಟು ಕುಳಿ ಮುಗಿಸಲು ನೂರರ ಆಚೀಚೆ ಒದ್ದಾಡುವವನು. ಆದರೂ "ಆಯ್ತು ಅಂಕಲ್" ಎಂದುಬಿಟ್ಟೆ. ಆ ಕೈ ನೋಡಿಕೊಂಡು ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಸ್ವೀಡನ್ನಿನ ಆ ಮೈದಾನದಲ್ಲಿ ನಾನೊಬ್ಬನೇ ಆದ್ದರಿಂದ ಅಲ್ಲಿಯವರೇ ಆದ ನಿವೃತ್ತ ಶಾಲಾ ಟೀಚರಮ್ಮ ಒಬ್ಬರನ್ನು ಜೊತೆಗೆ ಹಾಕಿದರು. ಬೆಳ್ಳಗಿನ ಕೂದಲು, ಸೈನಿಕರ ನಡಿಗೆ. ಕಾರ್ಟ್ ಇಲ್ಲ, ನಡೆದೇ ಆಡಬೇಕು. ನನ್ನ ಹೊಡೆತ ಅವರು ಬರೆಯಬೇಕು, ಅವರದ್ದು ನಾನು. ಮೊದಲ ಕುಳಿಯಲ್ಲೇ ನನ್ನ ಚೆಂಡು ಗೇಣು ದೂರದಲ್ಲಿ ನಿಂತಿತು. ಎತ್ತಲು ಬಗ್ಗಿದೆ.

"ಬೇಡ, ಬೇಡ! ಇಲ್ಲಿ ಎಲ್ಲವೂ ಒಳಗೇ ಹೋಗಬೇಕು" ಎಂದರು ಇಂಗ್ಲಿಷಿನಲ್ಲಿ. ಸರಿ ತಾಯಿ ಎಂದುಕೊಂಡೆ.

ಅಬ್ಬಬ್ಬಾ, ಆ ಸಮುದ್ರದ ಗಾಳಿ! ಮೂರು ಚೆಂಡು ಪೊದೆ ಸೇರಿದವು. ನಾನು ಅಚ್ಚ ಮೈಸೂರಿನ ಬೈಗುಳದಲ್ಲಿ ಗಾಳಿಯ ವಂಶವನ್ನೆಲ್ಲ ಜಾಲಾಡುತ್ತಿದ್ದರೆ ಅವರು ಅರ್ಥವಾದವರಂತೆ ನಕ್ಕರು. ಚೆಂಡು ನೆಲಮಟ್ಟದಲ್ಲಿ ಹೋಗುವಂತೆ ಹೊಡೆಯುವುದು ಹೇಗೆಂದು ಆಟ ಶುರುವಾಗುವ ಮುಂಚೆಯೇ ತೋರಿಸಿದ್ದರು. ಏಳನೆಯ ಕುಳಿಯಿಂದ ನನಗದು ಸ್ವಲ್ಪ ಒಲಿಯಿತು. ಅರ್ಧ ದಾರಿಯಲ್ಲಿ ಬ್ಯಾಗಿನಿಂದ ಏಲಕ್ಕಿ ಹಾಕಿದ ಬನ್ನು ತೆಗೆದು ದೊಡ್ಡ ತುಂಡನ್ನೇ ನನಗೆ ಕೊಟ್ಟರು. ಪರದೇಶದಲ್ಲಿ ಏಲಕ್ಕಿ ವಾಸನೆ ಬಂದರೆ ಸಾಕು, ನನಗೆ ಎಲ್ಲರೂ ನೆಂಟರೇ.

ಹದಿನೆಂಟನೆಯದು, ಕೊನೆಯ ಕುಳಿ. ನನ್ನ ತೊಂಬತ್ತೆಂಟನೆಯ ಹೊಡೆತ. ಚೆಂಡು ಉರುಳಿ ಉರುಳಿ ಕುಳಿಯ ಪಕ್ಕ ಗೇಣು ದೂರದಲ್ಲಿ ನಿಂತಿತು. ಇನ್ನೊಂದು ತಟ್ಟಿದರೆ ತೊಂಬತ್ತೊಂಬತ್ತು! ನನ್ನ ಕಣ್ಣಿಗೆ ಅಂಕಲ್ ಮುಖವೇ ಬಂತು. ಆ ಖುಷಿಯಲ್ಲಿ ಮೈಮರೆತು, ಶನಿವಾರದ ಅಭ್ಯಾಸದಂತೆ ಬಗ್ಗಿ, ಚೆಂಡು ಎತ್ತಿಕೊಂಡು, ನಗುತ್ತಾ ತಿರುಗಿದೆ.

ಟೀಚರ್ ಪೆನ್ಸಿಲ್ ಹಿಡಿದು ಹಾಗೇ ನಿಂತಿದ್ದರು. ಅವರ ಮುಖ ಇಳಿದುಹೋಗಿತ್ತು.

"ಎತ್ತಿದ್ದಕ್ಕೆ ಒಂದು ಹೊಡೆತ ದಂಡ. ಚೆಂಡನ್ನ ಅಲ್ಲೇ ಇಟ್ಟು ಆಡಬೇಕು. ನನಗೆ ಬೇಜಾರಾಗ್ತಿದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲು ಮೈ ಉರಿದುಹೋಯಿತು. ಗೇಣುದ್ದಕ್ಕೆ ಇಷ್ಟು ಜಿಗುಟೇ ಈಯಮ್ಮ? ಆದರೆ ಚೆಂಡು ಇಟ್ಟು ಒಳಗೆ ತಟ್ಟುವಾಗ ಅವರು ಉಸಿರು ಬಿಗಿಹಿಡಿದು ನಿಂತಿದ್ದು ನೋಡಿದೆ. ಶನಿವಾರದ ಗುಂಪಿನಲ್ಲಿ ಹನ್ನೆರಡು ವರ್ಷ ಎಲ್ಲರೂ ನನಗೆ ಮಾಫಿ ಮಾಡುತ್ತಲೇ ಬಂದಿದ್ದರು. ನನ್ನನ್ನು ಆಟಗಾರನೆಂದು ನಂಬಿ ಲೆಕ್ಕ ಇಟ್ಟವರು ಇವರೊಬ್ಬರೇ. ಬರೋಬ್ಬರಿ ನೂರು ಎಂದು ಬರೆದು ಸಹಿ ಹಾಕಿಕೊಟ್ಟರು. ಎರಡೂ ಕೈಯಲ್ಲಿ ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಬಾಯಿಮಾತಿಗೆ ಹೇಳಿದ್ದಲ್ಲ.

ವಾಪಸು ಬಂದ ಮರುದಿನವೇ ಅಂಕಲ್ ಮನೆಗೆ ಹೋದೆ. ಕಾರ್ಡನ್ನು ಎಡಗೈಯಲ್ಲಿ ಹಿಡಿದು ಒಂದೊಂದೇ ಕುಳಿ ಓದಿದರು. ಕೊನೆಯದಕ್ಕೆ ಬಂದು ನಿಂತರು.

"ನೂರಾತಲ್ಲೋ. ಇಲ್ಲೇನಾತು?"

"ಗೇಣು ದೂರ ಇತ್ತು ಅಂಕಲ್. ಎತ್ಕೊಂಡುಬಿಟ್ಟೆ. ದಂಡ ಬಿತ್ತು. ಸಾರಿ."

ಅವರು ಕಾರ್ಡನ್ನು ತೊಡೆಯ ಮೇಲಿಟ್ಟರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎತ್ತೂ ಚಾಳಿ ಕಲಿಸಿದಾಂವ ನಾನ ಅಲ್ಲೇನು? ಪೆನ್ನು ಕೊಡಿಲ್ಲೆ."

ಟೀಚರ್ ಸಹಿಯ ಕೆಳಗೆ, ಎಡಗೈಯಲ್ಲಿ, ಸೊಟ್ಟಸೊಟ್ಟಗೆ ಒಂದು ಎಂದು ಬರೆದು ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

"ನಿಂದು ತೊಂಬತ್ತೊಂಬತ್ತು. ಈ ಒಂದು ನಂದು. ನಾನೂ ಅಲ್ಲೆ ಆಡಿದೆ ನೋಡು."