ಟೈಲರ್ ಅಬ್ಬನ ಈರುಳ್ಳಿ ಕೈ

ಇವತ್ತು ಕಡೂರಿನ ನನ್ನ ಮೊಬೈಲ್ ಅಂಗಡಿ ಮುಂದೆ ಈರುಳ್ಳಿ ಲಾರಿ ನಿಂತಿತ್ತು. ಆ ಘಾಟಿಗೆ ಅಬ್ಬನ ಕೈ ನೆನಪಾಯ್ತು.

ಹಿರೇನಲ್ಲೂರಲ್ಲಿ ಅಬ್ಬ ಟೈಲರ್. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಆದರೂ ದೀಪಾವಳಿಗೆ ಮುಂಚೆ ಊರವರ ಹೊಲಕ್ಕೆ ಹೋಗಿ, ಈರುಳ್ಳಿ ಕಿತ್ತು ಹಿಸುಕಿ ನೋಡಿ ಬಂದ ಮೇಲೇ ದಾರ ತರಿಸುತ್ತಿದ್ದ. ಗಡ್ಡೆ ಸಣ್ಣದಿದ್ದರೆ, "ಈ ಸಲ ಯಾರೂ ಹೊಸ ಬಟ್ಟೆ ಹೊಲಿಸಲ್ಲ, ಬರೀ ತೇಪೆ ಕಣೇ" ಅಂತ ಅಮ್ಮಿಗೆ ಅನ್ನುತ್ತಿದ್ದ.

ಶಾಲೇಲಿ ಮೇಷ್ಟ್ರು, "ನಿಮ್ಮಪ್ಪ ಏನ್ಮಾಡ್ತಾರೆ?" ಅಂದಾಗ ನಾನು "ಬೇಸಾಯ" ಅಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು. ಮನೇಲಿ ಹೇಳಿದರೆ ಅಬ್ಬ ನಗಲೇ ಇಲ್ಲ. "ತಪ್ಪೇನಿದೆ ಅದ್ರಲ್ಲಿ?" ಅಂತ ಅಮ್ಮಿಯನ್ನೇ ಕೇಳಿದ.

ಇವತ್ತು ನಾನೂ ಲಾರಿ ಹತ್ತಿರ ಹೋಗಿ ಒಂದು ಗಡ್ಡೆ ಹಿಸುಕಿದೆ. "ಬೇಕಿತ್ತೇನಕ್ಕಾ?" ಅಂದ ಡ್ರೈವರ್. "ಇಲ್ಲಪ್ಪ, ಸುಮ್ನೆ" ಅಂದೆ.

ಅಂಗಡಿಗೆ ಹೊಸ ಫೋನು ತರಿಸಲೋ ಬೇಡವೋ, ಇನ್ನೂ ಗೊತ್ತಾಗಿಲ್ಲ.