ಮೇಲಿಗೆ ಹಾಕಿಸಿದ ಬೀಗ

ನನ್ನ ಇಮೇಲ್ ಐಡಿ ಮಾಡಿಕೊಟ್ಟವರು ಕಂಪಲಾಪುರದ ಜೆರಾಕ್ಸ್ ಅಂಗಡಿಯವರು. ನಮ್ಮ ಕಡೆ ಬಹಳ ಜನರದು ಹೀಗೇ. ಐಡಿ ನಮ್ಮದು, ಪಾಸ್‌ವರ್ಡ್ ಅಂಗಡಿಯದು. ಮೇಲ್ ಬಂದರೆ ಅವರೇ ನೋಡಿ, ಪ್ರಿಂಟ್ ತೆಗೆದು, ನಾವು ಬೀದಿಯಲ್ಲಿ ಹೋಗುವಾಗ ಕೂಗಿ ಕೊಡುತ್ತಾರೆ. ಒಳ್ಳೆಯವರು, ದೂರುವಂತಿಲ್ಲ.

ಹೋದ ವರ್ಷ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ನಮ್ಮ ಮನೆಯವರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ಕಾಯುತ್ತಾ ಅಲ್ಲೇ ಉಂಡು ಅಲ್ಲೇ ಮಲಗುವ ಕಾಲ. ಹೇಳಿದರೆ ಬೆಂಕಿ ಬಿಟ್ಟು ಓಡಿ ಬರುತ್ತಾರೆ, ಒಳಗಿನ ಸೊಪ್ಪೆಲ್ಲ ಕೆಡುತ್ತದೆ. ಅವ್ವ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ. ದೀಪ ಹಚ್ಚಿ ದೇವರೊಬ್ಬನಿಗೇ ಹೇಳಿ ಮೈಸೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದೂ ಅವನ ಕೃಪೆಯೇ.

ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಮಾದರಿ ತೆಗೆದರು. ಡಾಕ್ಟರಮ್ಮ, "ರಿಪೋರ್ಟಿನಲ್ಲಿ ಬಿನೈನ್ ಅಂತಿದ್ರೆ ಕ್ಯಾನ್ಸರ್ ಅಲ್ಲ, ಹೆದರಬೇಡಿ" ಎಂದು ಆ ಇಂಗ್ಲಿಷ್ ಪದವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಕೌಂಟರಿನ ಹುಡುಗಿ, "ರಿಪೋರ್ಟು ಮೇಲ್ ಮಾಡ್ತೀವಿ ಆಂಟಿ" ಎಂದಳು. ಮನೆಯವರಿಗಿಂತ ಮುಂಚೆ ಊರಿಗೇ ತಿಳಿಯುತ್ತದಲ್ಲ! ಅಂಗಡಿಯ ಸಂಗತಿ ಹೇಳಿದೆ.

"ಮೇಲ್ ದಾರೀಲಿ ಬರೋವಾಗ ಸಾಮಾನ್ಯವಾಗಿ ಬೀಗ ಇರುತ್ತೆ ಆಂಟಿ. ನಿಮ್ಮ ಇನ್‌ಬಾಕ್ಸ್‌ಗೆ ಬಿದ್ದ ಮೇಲೆ ಪಾಸ್‌ವರ್ಡ್ ಗೊತ್ತಿರೋರೆಲ್ಲ ಓದಬಹುದು. ಅದಕ್ಕೇ ಫೈಲಿಗೂ ಬೇರೆ ಬೀಗ ಹಾಕ್ತೀವಿ. ನಿಮ್ಮ ಹುಟ್ಟಿದ ತಾರೀಖೇ ಅದರ ಪಾಸ್‌ವರ್ಡ್."

"ಅದೂ ಅವ್ರಿಗೆ ಗೊತ್ತು ಕಣವ್ವ. ನನ್ನ ಅರ್ಜಿನೆಲ್ಲ ತುಂಬೋರೇ ಅವ್ರು."

ಹುಡುಗಿ ನಕ್ಕಳು. "ಹಂಗಾದ್ರೆ ಅವರಿಗೆ ಗೊತ್ತಿಲ್ದೇ ಇರೋದು ಒಂದು ಹೇಳಿ. ಮೇಲಲ್ಲಿ ಬರೆಯಲ್ಲ, ನೀವೇ ನೆನಪಿಟ್ಕೊಳ್ಳಿ."

ಅಂಗಡಿಗೆ ಗೊತ್ತಿಲ್ಲದ್ದು ನನ್ನಲ್ಲೇನಿದೆ? ಕೊನೆಗೆ ಹೊಳೆದದ್ದು ಅವ್ವ ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರು. ಹುಡುಗಿ ಅದನ್ನು ಟೈಪ್ ಮಾಡುತ್ತಾ ಮೆಲ್ಲಗೆ ಓದಿದಳು. ಅವ್ವ ಹೋದ ಮೇಲೆ ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದ್ದು ಅಂದೇ. "ಓ" ಎಂದು ಓಗೊಡುವುದರಲ್ಲಿದ್ದೆ.

ಕೆಲವು ದಿನ ಕಳೆದು, ತರಕಾರಿಗೆ ಹೊರಟವಳನ್ನು ಅಂಗಡಿಯವರು ಕೂಗಿದರು. ಅಲ್ಲಿ ನಾಲ್ಕಾರು ಹೆಂಗಸರು ನಿಂತಿದ್ದರು.

"ಅಕ್ಕೋ, ಆಸ್ಪತ್ರೆಯಿಂದ ಮೇಲ್ ಬಂದದೆ. ನಿಮ್ಗೆ ಸುಲಭ ಆಗ್ಲಿ ಅಂತ ಉಟ್ಟಿದ ತಾರೀಕು ಹಾಕ್ದೆ, ತೆಗೀನೇ ಇಲ್ಲ ಕಣಕ್ಕ!"

"ಬೀಗ ಹಾಕೋವಂತ ಒಡವೆ ಏನವ್ವ ಅದು?" ಎಂದು ಒಬ್ಬಳು ನಕ್ಕಳು.

"ಆ ಫೈಲ್ನ ನನ್ ಫೋನಿಗೆ ಕಳ್ಸು, ನಾನೇ ತಕ್ಕೋತೀನಿ ಬುಡಪ್ಪ" ಎಂದು ಮನೆಗೆ ತಿರುಗಿದೆ.

ದೇವರ ಮುಂದೆ ಕುಳಿತು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಫೈಲು ತೆರೆಯಿತು. ಡಾಕ್ಟರಮ್ಮನ ಚೀಟಿಯನ್ನು ಪಕ್ಕಕ್ಕಿಟ್ಟು ಹುಡುಕಿದೆ. ಅದೇ ಪದ ಇತ್ತು. ಅಡ್ಡಬಿದ್ದೆ. ಎದ್ದ ಮೇಲೆ ಯಾರಿಗಾದರೂ ಹೇಳಬೇಕೆನಿಸಿತು. ಗಂಟಿನ ವಿಷಯವೇ ಗೊತ್ತಿಲ್ಲದವರಿಗೆ ಏನೆಂದು ಹೇಳಲಿ?

ಪಾಯಸ ಮಾಡಿ, ಬುತ್ತಿ ಹೊತ್ತು ಬ್ಯಾರನ್ನಿಗೆ ಹೋದೆ.

"ಯಾವ ಅಬ್ಬನೇ ಇವತ್ತು?"

"ದೇವ್ರಿಗೆ ಮಾಡಿದ್ದೆ, ಉಣ್ಣಿ."

ಅವರು ಬ್ಯಾರನ್ನಿನ ಥರ್ಮಾಮೀಟರ್ ಕಡೆಯೇ ಕಣ್ಣಿಟ್ಟು ಉಂಡರು. ಸೊಪ್ಪು ಇಳಿಸಿದ ಮೇಲೆ ಹೇಳಿದರಾಯಿತೆಂದು ಡಬ್ಬಿ ತೊಳೆದುಕೊಂಡು ಒಬ್ಬಳೇ ಹಿಂದಿರುಗಿದೆ.